ಬಸಿಗಾಲುವೆಗೊಂದು ಬಾಗಿಲು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸಹಾಯಕ ಕೃಷಿ ಅಧಿಕಾರಿಯಾಗಿದ್ದೆ. ಮಣ್ಣು ಸಂರಕ್ಷಣೆಯ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಚಿಕ್ಕಬಳ್ಳಾಪುರ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಮೀಟಿಂಗು ಎಂದರೆ ಕೋಲಾರಕ್ಕೆ ಓಡಬೇಕು. ಕಚೇರಿಗೆ ಒಂದು ಜೀಪಿತ್ತು, ಅದಕ್ಕೆ ಡ್ರೈವರೂ ಇದ್ದ, ಡೀಸೆಲ್ ಮಾತ್ರ ಇರುತ್ತಿರಲಿಲ್ಲ. ಹಾಗಾಗಿ ಬಸ್ಸಿಳಿದು ನಡೆಯುವುದನ್ನೇ ನಾನು ಫೀಲ್ಡ್ ವಿಸಿಟ್ ಎಂದು ಬರೆದುಕೊಳ್ಳುತ್ತಿದ್ದೆ. ನಾನು ಗೌರಿಬಿದನೂರಿನ ನಗರಗೆರೆ ಕಡೆಯ ರೈತರ ಮನೆಯವಳು. ಕನ್ನಡ ತೆಲುಗು ಎರಡೂ ಬರುತ್ತವೆ, ಎರಡರಲ್ಲೂ ಮಾತು ಸ್ವಲ್ಪ ಒರಟು. ತಪ್ಪು ಕಂಡರೆ ಮುಖಕ್ಕೆ ಹೇಳಿಬಿಡುವ ಚಾಳಿ ಮೂವತ್ತು ವರ್ಷ ಸರ್ವೀಸು ಮಾಡಿದರೂ ಹೋಗಲಿಲ್ಲ. ಅಂಥ ನನಗೆ ಒಂದು ಸಂಜೆ ಬಾಯಿ ಕಟ್ಟಿಹೋಯಿತು. ಅದರ ಕಥೆ ಇದು.

ಊರಿನ ಹೆಸರು ಬೇಡ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವಾಗ ರಸ್ತೆಯಿಂದ ಒಳಕ್ಕೆ ಸಿಗುವ ಹಳ್ಳಿ ಅಂದರೆ ಸಾಕು. ಅಲ್ಲೊಂದು ದೊಡ್ಡ ಕೆರೆ, ಕೆರೆ ಏರಿಯ ಕೆಳಗೆ ಹನ್ನೆರಡು ಎಕರೆ ಜವುಗು ನೆಲ. ಕೆರೆಯಲ್ಲಿ ನೀರಿದ್ದಷ್ಟು ಕಾಲವೂ ಏರಿಯ ಅಡಿಯಿಂದ ನೀರು ಒಸರುತ್ತಲೇ ಇರುವ ನೆಲವದು. ಹಿಂದೆಲ್ಲ ಕಾಲಿಟ್ಟರೆ ಮೊಣಕಾಲು ಹೂತುಹೋಗುತ್ತಿತ್ತಂತೆ. ಬತ್ತ ಹಾಕಿದರೆ ಬುಡ ಕೊಳೆತು ಹೋಗುತ್ತಿತ್ತು, ಚೆನ್ನಾಗಿ ಬೆಳೆಯುತ್ತಿದ್ದದ್ದು ಜಂಬುಹುಲ್ಲು ಒಂದೇ. ಭೂಸುಧಾರಣೆ ಕಾಯಿದೆ ಬಂದು, ಭೂ ನ್ಯಾಯಮಂಡಳಿಯ ಮುಂದೆ ಗೇಣಿದಾರರ ಅರ್ಜಿಗಳು ವಿಚಾರಣೆಗೆ ಬಂದಾಗ, ಜಮೀನಿನ ಒಡೆಯರು ನಾಲೆಯ ಪಕ್ಕದ ಗದ್ದೆಗಳಿಗೆ ವಕೀಲರನ್ನಿಟ್ಟು ಹೋರಾಡಿದರು, ಈ ಜವುಗನ್ನು ಮಾತ್ರ ತಕರಾರಿಲ್ಲದೆ ಬಿಟ್ಟುಕೊಟ್ಟರು. ಎಮ್ಮೆ ಹೊರಳಾಡುವುದಕ್ಕೆ ಒಳ್ಳೆಯ ಜಾಗ ಎಂದು ಊರೆಲ್ಲ ನಕ್ಕಿತಂತೆ. ಹಾಗೆ ಆ ನೆಲ ಒಂಬತ್ತು ಗೇಣಿದಾರ ಕುಟುಂಬಗಳಿಗೆ ಸ್ವಂತವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನಿನ್ನೂ ಕಾಲೇಜಿನಲ್ಲಿದ್ದಾಗ, ನಮ್ಮ ಇಲಾಖೆಯವರು ಅಲ್ಲಿ ಬಸಿಗಾಲುವೆ ತೋಡಿಸಿದರು. ಬಸಿಗಾಲುವೆ ನೀರು ತರುವ ಕಾಲುವೆಯಲ್ಲ, ನೀರು ಕಳಿಸುವ ಕಾಲುವೆ. ಆಳವಾದ ಟ್ರೆಂಚ್ ತೋಡಿದರೆ ಸುತ್ತಲಿನ ಮಣ್ಣಿನಲ್ಲಿರುವ ಹೆಚ್ಚಿನ ನೀರು ಅದಕ್ಕೆ ಬಸಿದು, ಇಳಿಜಾರಿನಲ್ಲಿ ಹರಿದು ಹಳ್ಳ ಸೇರುತ್ತದೆ. ಆ ಹಳ್ಳ ಹೋಗಿ ಕೆಳಗಿನ ಊರಿನ ಕೆರೆಗೆ ಬೀಳುತ್ತದೆ. ನಮ್ಮ ಸೀಮೆಯ ಕೆರೆಗಳೆಲ್ಲ ಹೀಗೆಯೇ, ಮೇಲಿನದರ ಹೆಚ್ಚುವರಿ ನೀರು ಕೆಳಗಿನದಕ್ಕೆ. ಒಂಬತ್ತು ಮನೆಯವರೂ ಮುಯ್ಯಾಳಾಗಿ ನಿಂತು, ಅಂದರೆ ಒಬ್ಬರಿಗೊಬ್ಬರು ಕೂಲಿ ಕೊಡದೆ ಸರದಿಯ ಮೇಲೆ ಮೈಬಗ್ಗಿಸಿ, ಟ್ರೆಂಚ್ ತೋಡಿ ಮುಗಿಸಿದರು. ಬೇಸಿಗೆಯೊಳಗೆ ನೆಲ ಒಣಗಿ ನೇಗಿಲು ಇಳಿಯಿತು. ಎಮ್ಮೆ ಹೊರಳುವ ಜಾಗದಲ್ಲಿ ಹಿಪ್ಪುನೇರಳೆ ಚಿಗುರಿತು, ಮನೆ ಮನೆಯಲ್ಲಿ ರೇಷ್ಮೆ ಹುಳು ಎದ್ದವು, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಆ ಊರಿನಿಂದಲೂ ಚೀಲಗಳು ಹೊರಟವು. ನಕ್ಕವರು ಬಾಯಿ ಮುಚ್ಚಿಕೊಂಡರು.

ಬಸಿಗಾಲುವೆಯ ಮೊದಲ ನೀರು ಹಳ್ಳಕ್ಕೆ ಬಿದ್ದ ಜಾಗದಲ್ಲಿ ಹೆಂಗಸರು ಏಳು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಗಂಗಮ್ಮ ಎಂದು ಪೂಜೆ ಮಾಡಿದರು. ಇದನ್ನು ನಮ್ಮ ಇಲಾಖೆಯ ಯಾರೂ ಯಾವ ರಿಪೋರ್ಟಿನಲ್ಲೂ ಬರೆದಿರಲಿಲ್ಲ. ಬರೆಯುವಂಥದ್ದು ಎಂದು ಅವರಿಗೆ ಅನ್ನಿಸಿರಲಾರದು.

ಆಮೇಲೆ ಮಳೆಯ ಲೆಕ್ಕಾಚಾರ ತಪ್ಪಿತು. ಹವಾಮಾನ ಬದಲಾವಣೆ ಎಂಬ ಮಾತು ಆಗ ನಮ್ಮ ಕಚೇರಿಯ ತನಕ ಬಂದಿರಲಿಲ್ಲ. ಹಳಬರು ಮಾತ್ರ, ಉತ್ತರೆ ಹಸ್ತ ಮಳೆಗಳು ಮೊದಲಿನ ಹಾಗಿಲ್ಲ, ಬರಬೇಕಾದಾಗ ಬರುವುದಿಲ್ಲ, ಬಂದರೆ ಒಂದೇ ಏಟಿಗೆ ಸುರಿದು ಹೋಗುತ್ತವೆ ಎನ್ನುತ್ತಿದ್ದರು. ಕೆರೆಗೆ ಸತತವಾಗಿ ಕೆಲವು ವರ್ಷ ನೀರು ಬರಲಿಲ್ಲ. ಬಸಿಗಾಲುವೆ ಒಣಗಿತು. ಹಿಪ್ಪುನೇರಳೆ ತೋಟಗಳು ಬಾವಿಯ ನೀರಿನಲ್ಲಿ ಹೇಗೋ ಉಸಿರು ಹಿಡಿದುಕೊಂಡಿದ್ದವು. ನಾನು ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದಾಗ ಪರಿಸ್ಥಿತಿ ಹೀಗಿತ್ತು.

ಬಂದ ಮರುವರ್ಷ ಮಳೆ ಸುರಿಯಿತು ನೋಡಿ. ಹಸ್ತ ಚಿತ್ತ ಎರಡೂ ಬಿಡದೆ ಹುಯ್ದು, ಸ್ವಾತಿ ಹೊತ್ತಿಗೆ ತಾಲ್ಲೂಕಿನ ಕೆರೆಗಳೆಲ್ಲ ಕೋಡಿ ಹರಿದವು. ಜನ ತಮಟೆ ಹೊಡೆದುಕೊಂಡು ಕುಣಿದರು, ನಾನೂ ಖುಷಿಪಟ್ಟೆ. ಆ ಖುಷಿಯಲ್ಲೇ ಇರುವಾಗ ಒಂದು ಬೆಳಿಗ್ಗೆ ಗಂಗುಲಪ್ಪ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಆ ಒಂಬತ್ತು ಕುಟುಂಬಗಳಲ್ಲಿ ಒಂದರ ಯಜಮಾನರು, ನಲವತ್ತರ ಆಸುಪಾಸಿನವರು, ಹೆಚ್ಚು ಮಾತಾಡುವ ಗಿರಾಕಿಯಲ್ಲ. ಬುಡಸಮೇತ ಕಿತ್ತ ಒಂದು ಹಿಪ್ಪುನೇರಳೆ ಗಿಡವನ್ನು ನನ್ನ ಮೇಜಿನ ಮೇಲಿಟ್ಟರು. ಎಲೆ ಹಳದಿಯಾಗಿತ್ತು, ಬೇರಿನ ತುದಿ ಕಪ್ಪಾಗಿ ನಾರುತ್ತಿತ್ತು.

“ಹುಳ ನಾಲ್ಕನೇ ಜ್ವರದಿಂದ ಎದ್ದವೆ ಮೇಡಂ. ತೋಟದಾಗೆ ಕಾಲಿಡಂಗಿಲ್ಲ,” ಎಂದರು.

ಅಷ್ಟೇ ಹೇಳಿದ್ದು, ಆದರೆ ನನಗೆ ಸಾಕಾಯಿತು. ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಗೂಡು ಕಟ್ಟುವ ತನಕ, ಸುಮಾರು ಒಂದು ವಾರ, ತಿಂದಿದ್ದೇ ತಿಂದಿದ್ದು. ಜೀವನದಲ್ಲಿ ತಿನ್ನುವುದರ ಬಹುಪಾಲನ್ನು ಅದು ಆ ವಾರದಲ್ಲೇ ತಿನ್ನುತ್ತದೆ. ಆಗ ಸೊಪ್ಪು ಕಡಿಮೆಯಾದರೆ ಗೂಡು ಬಡಕಲಾಗುತ್ತದೆ. ಹಳದಿ ಎಲೆ ಹಾಕಿದರೆ ಸಪ್ಪೆ ರೋಗ ಬಂದು ಇಡೀ ಮನೆಯ ಹುಳು ಒಂದೆರಡು ದಿನದಲ್ಲಿ ಮಣ್ಣುಪಾಲು. ಅದಾದರೂ ಒಂದು ಬೆಳೆಯ ಮಾತು. ಬೇರು ಪೂರ್ತಿ ಕೊಳೆತು ಗಿಡವೇ ಸತ್ತರೆ ಹೊಸ ತೋಟ ಎಬ್ಬಿಸಲು ವರ್ಷಗಟ್ಟಲೆ ಬೇಕು. ಗೇಣಿಯಿಂದ ಬಿಡಿಸಿಕೊಂಡ ನೆಲ ಮತ್ತೆ ಎಮ್ಮೆಯ ಪಾಲಾಗುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವರ ಜೊತೆಗೇ ಬಸ್ಸು ಹತ್ತಿದೆ.

ಊರಿಗೆ ಹೋಗಿ ನೋಡಿದರೆ ಹನ್ನೆರಡು ಎಕರೆಯೂ ತೊಯ್ದ ಗೋಣಿಚೀಲದ ಹಾಗೆ ನೀರು ಕುಡಿದು ಕೂತಿತ್ತು. ಬಸಿಗಾಲುವೆಯಲ್ಲಿ ನೀರು ಅಂಚಿನವರೆಗೆ ತುಂಬಿ ನಿಂತಿದೆ, ಕದಲುತ್ತಿಲ್ಲ. ಒಂದು ಒಣ ಎಲೆ ಹಾಕಿ ನೋಡಿದೆ, ಎಲೆ ಬಿದ್ದಲ್ಲೇ ಇತ್ತು. ಹಾಗಾದರೆ ಬಾಯಿ ಕಟ್ಟಿದೆ, ಹೂಳೋ ಜಂಬೋ ಸೇರಿಕೊಂಡಿರಬೇಕು, ನಾಲ್ಕು ಆಳು ನಿಂತರೆ ತೆಗೆಯುವ ಕೆಲಸ ಎಂದುಕೊಂಡು ಧೈರ್ಯವಾಗಿಯೇ ದಡ ಹಿಡಿದು ಕೆಳಗೆ ನಡೆದೆ. ಗಂಗುಲಪ್ಪ ಹಿಂದೆ ಹಿಂದೆ ಬರುತ್ತಿದ್ದರು. ಹೆಜ್ಜೆ ಯಾಕೋ ನಿಧಾನವಾಯಿತು ಅವರದ್ದು.

ಹೂಳೂ ಇಲ್ಲ, ಜಂಬೂ ಇಲ್ಲ. ಬಸಿಗಾಲುವೆ ಹಳ್ಳಕ್ಕೆ ಸೇರುವ ಜಾಗದಲ್ಲಿ ದಡದಿಂದ ದಡಕ್ಕೆ ಕಲ್ಲು ಜೋಡಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ, ಮನೆ ಗೋಡೆಯಷ್ಟೇ ಅಚ್ಚುಕಟ್ಟಾಗಿ ಕಟ್ಟಿ ಮುಚ್ಚಿದ್ದರು. ಗೋಡೆಯ ಮೇಲೆ ಸಾಲಾಗಿ ಏಳು ಕಲ್ಲು, ಅರಿಶಿನ, ಕುಂಕುಮ, ಬಾಡಿದ ಚೆಂಡುಹೂವು. ನನ್ನ ಪಿತ್ತ ನೆತ್ತಿಗೇರಿತು. ಯಾರಪ್ಪ ಈ ಘನಕಾರ್ಯ ಮಾಡಿದ ಮಹಾನುಭಾವರು, ಅವರಿಗೊಂದು ಹಾರ ಹಾಕಬೇಕು ಎಂದೆ. ಗಂಗುಲಪ್ಪ ಕೆರೆಯ ಕಡೆ ಮುಖ ತಿರುಗಿಸಿಕೊಂಡು ಹೇಳಿದರು, “ನಮ್ಮಮ್ಮನೇ ಕಣ್ರೀ.”

ಅವರ ತಾಯಿ ಪಿಳ್ಳಮ್ಮ ಆ ಊರಿನ ಹೆಂಗಸರಿಗೆಲ್ಲ ಯಜಮಾನಿ ಇದ್ದಂತೆ. ಯಾರ ಮನೆಯ ಸೋಬಾನೆಯಾದರೂ ಅವರೇ ಮುಂದೆ ನಿಲ್ಲಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅವರಿಗೆ ಒಂದು ಸಂಕಟ ಹತ್ತಿತ್ತು. ಈ ಕಾಲುವೆಯ ಬಾಯಿಂದಲೇ ಅಲ್ಲವೇ ಗಂಗಮ್ಮ ಊರು ಬಿಟ್ಟು ಹೋಗಿದ್ದು? ನಾವೇ ದಾರಿ ತೋಡಿಕೊಟ್ಟು, ನಾವೇ ಅರಿಶಿನ ಕುಂಕುಮ ಇಟ್ಟು ಹೊರಗೆ ಕಳಿಸಿದೆವಲ್ಲ! ಹೀಗೆಂದುಕೊಂಡು, ಯುಗಾದಿ ಮುಗಿದ ಮೇಲೆ ಹೆಂಗಸರನ್ನೆಲ್ಲ ಸೇರಿಸಿ, ಬಾಯಿಗೆ ಗೋಡೆ ಕಟ್ಟಿಸಿ, ಏಳು ಕಲ್ಲನ್ನೂ ಎತ್ತಿ ಅದರ ಮೇಲೆ ಕೂರಿಸಿದ್ದರು. ಇನ್ನು ಅವಳು ಎಲ್ಲಿಗೆ ಹೋಗುತ್ತಾಳೆ ನೋಡೋಣ ಅಂತ. ಅದೇ ವರ್ಷ ಈ ಮಳೆ ಬಂದು ಕೆರೆ ತುಂಬಿತು.

ಈಗ ಹೇಳಿ, ನಾನು ಇದಕ್ಕೆ ಏನೆಂದು ವಾದ ಮಾಡಲಿ? ಬಾಗಿಲು ಹಾಕಿದರು, ಮಳೆ ಬಂತು. ಅವರ ಕಣ್ಣೆದುರೇ ನಡೆದದ್ದು. ನನ್ನ ಹತ್ತಿರ ಇದ್ದದ್ದು ಮಣ್ಣಿನ ರಂಧ್ರಗಳು, ಬೇರಿಗೆ ಬೇಕಾದ ಗಾಳಿ, ನೀರಿನ ಮಟ್ಟ ಮುಂತಾದ ಕಣ್ಣಿಗೆ ಕಾಣದ ಸಂಗತಿಗಳು.

ಆದರೂ ಮನೆಗೆ ಹೋಗಿ ಅವರ ಮುಂದೆ ಕೂತೆ. ಹುಳುಮನೆಯ ಪಕ್ಕದ ಪಡಸಾಲೆ. ನಾಲ್ಕನೇ ಜ್ವರದಿಂದೆದ್ದ ಹುಳುವಿರುವ ಮನೆಯಲ್ಲಿ ಸೋನೆ ಮಳೆ ಹಿಡಿದ ಹಾಗೆ ಎಲೆ ಕಡಿಯುವ ಸದ್ದು ಕೇಳಬೇಕು. ಅಲ್ಲಿ ಸದ್ದೇ ಇರಲಿಲ್ಲ. ಗಂಗುಲಪ್ಪನವರ ಹೆಂಡತಿ ಮುನಿರತ್ನಮ್ಮ ದಿಬ್ಬದ ಮೇಲಿನ ಕೆಲವು ಗಿಡಗಳಿಂದ ಬಿಡಿಸಿ ತಂದ ಒಂದು ಮಂಕರಿ ಸೊಪ್ಪನ್ನು ತಟ್ಟೆ ತಟ್ಟೆಗೂ ಚೂರು ಚೂರು ಹಂಚುತ್ತಿದ್ದರು. ಹುಳುಗಳು ತಲೆ ಎತ್ತಿಕೊಂಡು ಆ ಕಡೆ ಈ ಕಡೆ ಆಡಿಸುತ್ತಿದ್ದವು. ಹಸಿದ ಹುಳು ಮಾಡುವುದೇ ಹಾಗೆ. 

ಪಿಳ್ಳಮ್ಮ ನನ್ನನ್ನು ಚೆನ್ನಾಗಿಯೇ ಮಾತಾಡಿಸಿದರು, ಮಜ್ಜಿಗೆ ಕೊಟ್ಟರು. ಗೋಡೆಯ ಮಾತೆತ್ತಿದ್ದೇ ತಡ, ಮುಖ ಬಿಗಿಯಿತು. ನಾನು ಮೊದಲು ಸಮಾಧಾನವಾಗಿ ಹೇಳಿದೆ, ಆಮೇಲೆ ಜೋರಾಗಿ ಹೇಳಿದೆ, ಕೊನೆಗೆ ಸರ್ಕಾರದ ಕಾಲುವೆ ಮುಚ್ಚುವುದು ತಪ್ಪಾಗುತ್ತದೆ ಎಂದು ಹೆದರಿಸಿಯೂ ನೋಡಿದೆ. ಆ ತಾಯಿ ಎಳ್ಳಷ್ಟೂ ಅಲುಗಲಿಲ್ಲ. ಗಂಗುಲಪ್ಪ ಅವರಿಗೆ ಅಮ್ಮನ ಮಾತು ಮೀರುವ ಧೈರ್ಯವಿಲ್ಲ, ಮಿಕ್ಕ ಎಂಟು ಮನೆಯವರಿಗೆ ಏಳು ಕಲ್ಲು ಮುಟ್ಟುವ ಧೈರ್ಯವಿಲ್ಲ. ಬಲವಂತವಾಗಿ ಕೆಡವಿಸಬಹುದಿತ್ತು. ಮುಂದಿನ ವರ್ಷ ಮಳೆ ಹೋದರೆ ಆ ಮನೆಯಲ್ಲಿ ಮಗ ಸೊಸೆ ತಲೆ ಎತ್ತುವುದು ಹೇಗೆ? ಸಂಜೆಯಾಗುತ್ತಾ ಬಂತು.  ಬಾಯಿ ಕಟ್ಟಿತು ಎಂದೆನಲ್ಲ, ಅದು ಆಗಲೇ.

ಎದ್ದು ಹೊರಡುವ ಮುಂಚೆ, ವಾದಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ. ಕಾಲುವೆಯ ಬಾಯಿಂದ ಹೊರಟ ಗಂಗಮ್ಮ ಎಲ್ಲಿಗೆ ಹೋಗುತ್ತಿದ್ದಳಮ್ಮ ಎಂದು.

“ಎಲ್ಲಿಗೆ ಹೋಗ್ತಾಳೆ ತಾಯಿ, ಕೆಳಗಿನ ಕೆರೆಗೆ. ಅದೂ ನಾವು ಹೆಣ್ಣು ಕೊಟ್ಟು ತರೋ ಊರೇ,” ಎಂದರು ಪಿಳ್ಳಮ್ಮ.

ಹುಳುಮನೆಯ ಬಾಗಿಲಲ್ಲಿ ಸದ್ದಾಯಿತು. ಮುನಿರತ್ನಮ್ಮ ಒಂದು ತಟ್ಟೆ ಹುಳುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಅತ್ತೆಯ ಮುಂದೆ ನೆಲದ ಮೇಲಿಟ್ಟರು.  ಅವರ ತವರು ಆ ಕೆಳಗಿನ ಕೆರೆಯ ಊರೇ ಎಂಬುದು ನನಗೆ ಗೊತ್ತಾಗಿದ್ದೂ ಆಗಲೇ.

“ಅತ್ತೆ, ನಮ್ಮಮ್ಮ ಮಡಿಲಕ್ಕಿ ಕಟ್ಟಿ ನನ್ನ ಇಲ್ಲಿಗೆ ಕಳಿಸಿದ್ಲು. ಗೌರಿ ಹಬ್ಬಕ್ಕೆ ನಾನು ಹೋಗಲ್ವಾ, ಬರಲ್ವಾ? ಅವತ್ತು ನಮ್ಮಮ್ಮ ಬಾಗ್ಲಾಕ್ಕೊಂಡು ನನ್ನ ಕೂರಿಸ್ಕೊಂಡಿದ್ರೆ, ಈ ಮನೆಗೆ ಸೊಸೆ ಎಲ್ಲಿಂದ ಬರ್ತಿದ್ಲು?”

ದನಿ ಏರಿಸಿರಲಿಲ್ಲ. ಪಿಳ್ಳಮ್ಮ ಸೊಸೆಯ ಮುಖ ನೋಡಲಿಲ್ಲ. ತಲೆ ಆಡಿಸುತ್ತಿದ್ದ ಹುಳುಗಳನ್ನೇ ನೋಡುತ್ತಾ ಕೂತರು. ಒಂದು ಹುಳುವನ್ನು ಬೆರಳಿನ ಮೇಲೆ ಹತ್ತಿಸಿಕೊಂಡು ಮತ್ತೆ ತಟ್ಟೆಗೆ ಬಿಟ್ಟರು. 

“ಬೆಳಿಗ್ಗೆ ಕಳಿಸಣ,” ಎಂದರು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ, “ಕಳಿಸೋದೇನೋ ಸರಿ ತಾಯಿ. ಕರ್ಕೊಂಡು ಬರೋದು ಹೆಂಗೆ? ಅದನ್ನೂ ನೀನೇ ಹೇಳ್ಬೇಕು,” ಎಂದರು.

 ಶಿಡ್ಲಘಟ್ಟಕ್ಕೆ ವಾಪಸ್ ಹೋಗುವ ಬಸ್ಸಿನಲ್ಲಿ ಅದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಯೋಚಿಸಿದಷ್ಟೂ ಅವರು ಕೇಳಿದ್ದು ನ್ಯಾಯ ಅನ್ನಿಸಿತು. ನೀರು ಹೆಚ್ಚಾದ ವರ್ಷಕ್ಕೆ ಬಸಿಗಾಲುವೆ ಬೇಕು. ಮಳೆ ಹೋದ ವರ್ಷದಲ್ಲಿ ಅದೇ ಕಾಲುವೆ ನೆಲದ ಕೊನೆಯ ತೇವವನ್ನೂ ಹಳ್ಳಕ್ಕೆ ಬಸಿದುಬಿಡುತ್ತದೆ, ಅಂಥ ವರ್ಷ ಅದರ ಬಾಯಿ ಮುಚ್ಚಿರುವುದೇ ವಾಸಿ. ಮಳೆ ನಮ್ಮ ಮಾತು ಕೇಳುತ್ತಿದ್ದ ಕಾಲಕ್ಕೆ ಇಲಾಖೆ ಹಾಕಿದ ನಕ್ಷೆ ಅದು, ತೆರೆದಿದ್ದರೆ ಯಾವಾಗಲೂ ತೆರೆದೇ ಇರಬೇಕು ಎಂಬ ಲೆಕ್ಕ. ಮಳೆ ಹೇಗೆ ಬರುತ್ತದೋ ಗೊತ್ತಿಲ್ಲದ ಕಾಲಕ್ಕೆ ಬೇಕಾದದ್ದು ಬಾಗಿಲು. ಬೇಕೆಂದಾಗ ತೆಗೆಯಬೇಕು, ಬೇಡವೆಂದಾಗ ಹಾಕಬೇಕು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಒಂಬತ್ತು ಮನೆಯ ಹೆಂಗಸರೂ ಸೇರಿದ್ದರು. ಪಿಳ್ಳಮ್ಮ ಏಳು ಕಲ್ಲನ್ನು ಒಂದೊಂದಾಗಿ ತೊಳೆದು ದಡದ ಮೇಲೆ ಕೂರಿಸಿದರು. ಹೊಸ ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಹಸಿರು ಗಾಜಿನ ಬಳೆ ಇಟ್ಟು ಗಂಟು ಕಟ್ಟಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಟ್ಟುವ ಮಡಿಲಕ್ಕಿ ಹೇಗೋ ಹಾಗೆಯೇ, ಒಂದು ಸಾಮಾನೂ ಕಡಿಮೆ ಮಾಡಲಿಲ್ಲ. “ಪೋಯಿ ರಾ ತಲ್ಲಿ,” ಎಂದು ತೆಲುಗಿನಲ್ಲಿ ಹೇಳುವಾಗ ಅವರ ಕಣ್ಣು ತುಂಬಿತು. ಹೋಗಿ ಬಾ ತಾಯಿ ಎಂದು. ಹೆಂಗಸರೆಲ್ಲ ಮುಖ ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದು ಯಾಕೆ?

ಗೋಡೆ ಕೆಡವುವಾಗ ಮಾತ್ರ ನಾನು ಅಧಿಕಾರಿಯಾದೆ. ಒಂದೇ ಸಲ ಒಡೆದರೆ ನೀರು ನುಗ್ಗಿ, ನೆನೆದ ದಡ ಕುಸಿದು, ಕಾಲುವೆಯೇ ಮುಚ್ಚಿಹೋಗುತ್ತದೆ. ಮೇಲಿನ ಸಾಲು ಮೊದಲು ತೆಗೆಸಿದೆ, ಅಷ್ಟು ನೀರು ಇಳಿದ ಮೇಲೆ ಅದರ ಕೆಳಗಿನ ಸಾಲು. ಆತುರಪಟ್ಟು ಹಾರೆ ಎತ್ತಿದವರಿಗೆಲ್ಲ ಬೈದೆ. ಮೊದಲ ಕಲ್ಲು ತೆಗೆದಾಗ ನೀರು ಸಂದಿಯಿಂದ ನಿಧಾನವಾಗಿ ಇಣುಕಿ, ಕಲ್ಲಿನ ಮೇಲೆ ಜಾರಿ ಹಳ್ಳಕ್ಕೆ ಬಿತ್ತು, ಪಿಳ್ಳಮ್ಮ ಮಡಿಲಕ್ಕಿ ಗಂಟನ್ನು ಆ ನೀರಿಗೆ ಬಿಟ್ಟರು. ನಾನು ಹಿಂದಿನ ದಿನದಂತೆಯೇ ಕಾಲುವೆಗೆ ಒಂದು ಒಣ ಎಲೆ ಹಾಕಿದೆ. ಅದು ಒಂದು ಸುತ್ತು ತಿರುಗಿ ಹೊರಟಿತು. ಉಸ್ಸಪ್ಪಾ ಎಂದು ದಡದ ಮೇಲೆ ಕೂತುಬಿಟ್ಟೆ.

ನೆಲದಿಂದ ನೀರು ಇಳಿಯಲು ಕೆಲವು ದಿನವಾದರೂ ಬೇಕಿತ್ತು, ಹುಳು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೆ ದಾರಿ ಮಾಡಿದ್ದು ಮುನಿರತ್ನಮ್ಮನ ತವರು. ಗಂಗಮ್ಮನಿಗೆ ಮಡಿಲಕ್ಕಿ ಕಟ್ಟಿ ಕಳಿಸಿದ್ದಾರೆ ಎಂಬ ಸುದ್ದಿ ನೀರಿನ ಜೊತೆಗೇ ಕೆಳಗಿನ ಊರು ಮುಟ್ಟಿತ್ತು. ಮಡಿಲಕ್ಕಿ ಬಂದ ಮೇಲೆ ಬರಿಗೈಲಿ ಇರುವುದುಂಟೇ? ಅವರ ತೋಟಗಳು ಎತ್ತರದ ನೆಲದಲ್ಲಿದ್ದವು. ಎತ್ತಿನ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ಬಂದರು, ಹುಳು ಹಣ್ಣಾಗಿ ಗೂಡು ಕಟ್ಟಲು ಶುರು ಮಾಡುವ ತನಕ ದಿನವೂ ಬಂದರು. ಹುಳುಮನೆಯಲ್ಲಿ ಮತ್ತೆ ಸೋನೆ ಮಳೆಯ ಸದ್ದು ಹಿಡಿಯಿತು. ಗೂಡು ಅಂಥ ಭಾರಿ ಏನೂ ಆಗಲಿಲ್ಲ, ಆದರೆ ಕೈಬಿಡಲಿಲ್ಲ. ಏರಿಗೆ ಅಂಟಿಕೊಂಡಿದ್ದ ತಗ್ಗಿನ ತೋಟಗಳಲ್ಲಿ ಒಂದಷ್ಟು ಗಿಡ ಸತ್ತವು. ಉಳಿದವೆಲ್ಲ ಹೊಸ ಬೇರು ಬಿಟ್ಟು ಚಿಗುರಿದವು. ಗಂಗುಲಪ್ಪ ಮತ್ತೊಂದು ಗಿಡವನ್ನು ಬುಡಸಮೇತ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು ಬಿಳಿ ಬೇರು ತೋರಿಸಿದರು. ನೆಟ್ಟಗಿರುವ ಗಿಡವನ್ನು ಯಾಕಪ್ಪ ಕಿತ್ತಿರಿ ಎಂದು ಅದಕ್ಕೂ ಬೈದೆ.

ಬಾಗಿಲಿನ ಕೆಲಸ ಬೇಸಿಗೆಯಲ್ಲಿ ಆಯಿತು. ಬಸಿಗಾಲುವೆಯ ಬಾಯಿಯಲ್ಲಿ ಎದುರುಬದುರಾಗಿ ಎರಡು ಕಲ್ಲು ಕೂಚ, ಅಂದರೆ ಗಿಡ್ಡ ಕಂಬ, ನಿಲ್ಲಿಸಿ, ಅವುಗಳ ಮೈಯಲ್ಲಿ ಉದ್ದಕ್ಕೆ ಸಂದು ಕೊರೆಸಿ, ಒಂದರ ಮೇಲೊಂದು ಕೂರುವಂತೆ ಮರದ ಹಲಗೆಗಳನ್ನು ಮಾಡಿಸಿದೆವು. ಹಲಗೆ ಎತ್ತಿದಷ್ಟು ನೀರು ಹೋಗುತ್ತದೆ, ಇಳಿಸಿದಷ್ಟು ನಿಲ್ಲುತ್ತದೆ. ಇಲಾಖೆಯ ನಕ್ಷೆಯಲ್ಲಿ ಇದಿಲ್ಲವಲ್ಲ ಎಂದು ಮೇಲಿನವರು ಕೊಂಕು ತೆಗೆದರು. ಬಂದು ಪಿಳ್ಳಮ್ಮನವರ ಹತ್ತಿರ ಮಾತಾಡಿ ಎಂದೆ, ಯಾರೂ ಬರಲಿಲ್ಲ. ಹಲಗೆಗಳು ಆ ತಾಯಿಯ ಮನೆಯಲ್ಲೇ ಇರುತ್ತಿದ್ದವು. ಯಾವಾಗ ಹಾಕುವುದು, ಯಾವಾಗ ತೆಗೆಯುವುದು ಎಂದು ಒಂಬತ್ತು ಮನೆಯವರೂ ಕೂತು ತೀರ್ಮಾನ ಮಾಡುತ್ತಿದ್ದರು. ಮತ್ತೆ ಮಳೆ ಕಡಿಮೆಯಾದ ವರ್ಷ ಹಲಗೆ ಇಳಿಸಿದಾಗ ಕಾಲುವೆಯಲ್ಲಿ ಮೊಣಕಾಲುದ್ದ ನೀರು ನಿಂತು ಪಕ್ಕದ ಬಾವಿಗಳಿಗೆ ಆಸರೆಯಾಯಿತು. ಗಂಗಮ್ಮನನ್ನು ಕರೆದುಕೊಂಡು ಬಂದದ್ದಾಯಿತು ಎಂದು ಪಿಳ್ಳಮ್ಮ ನನಗೆ ಹೇಳಿ ಕಳಿಸಿದರು.

ಆ ಕೆಲಸ ನನಗೆ ಒಂದು ಪ್ರಶ್ನೆ ಕಲಿಸಿತು. ಆಮೇಲೆ ಯಾವ ತಾಲ್ಲೂಕಿಗೆ ಹೋದರೂ, ಯಾವ ಯೋಜನೆಯ ಕಾಗದ ಮುಂದೆ ಬಂದರೂ, ಕಳಿಸೋದೇನೋ ಸರಿ, ಕರ್ಕೊಂಡು ಬರೋದು ಹೆಂಗೆ ಎಂದು ಕೇಳಿಕೊಳ್ಳದೆ ಸಹಿ ಹಾಕಲಿಲ್ಲ. ತೋಡುವ ಮುಂಚೆ ಮುಚ್ಚುವ ದಾರಿ, ಮುಚ್ಚುವ ಮುಂಚೆ ತೆರೆಯುವ ದಾರಿ ನೋಡಿಕೊಳ್ಳಬೇಕು. ಮಳೆಯನ್ನು ನಂಬುವ ಹಾಗಿಲ್ಲದ ಈ ಕಾಲದಲ್ಲಂತೂ ಇದನ್ನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ಹೇಳುತ್ತಿರುತ್ತೇನೆ.

ಇನ್ನೊಂದು ಮಾತು ಉಳಿದಿದೆ. ನನಗೆ ಅಲ್ಲಿಂದ ವರ್ಗವಾದಾಗ ಹೇಳಿ ಬರೋಣ ಎಂದು ಹೋಗಿದ್ದೆ. ನಾನು ಮದುವೆಯಾದವಳಲ್ಲ. ನಮ್ಮ ಕಡೆ ಮದುವೆಯಾಗದ ಹೆಣ್ಣಿಗೆ ಮಡಿಲಕ್ಕಿ ಕಟ್ಟುವ ಪದ್ಧತಿ ಇಲ್ಲ. ಪಿಳ್ಳಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ, ಕಟ್ಟೇ ಎಂದು ಸೊಸೆಗೆ ಹೇಳಿದರು. ಮುನಿರತ್ನಮ್ಮ ನನ್ನ ಸೆರಗಿಗೆ ಅಕ್ಕಿ ಬೆಲ್ಲ ಸುರಿದು ಗಂಟು ಹಾಕಿದರು. ಅಂದಿನಿಂದ ಗೌರಿ ಹಬ್ಬಕ್ಕೆ ನಾನು ಆ ಊರಿಗೆ ಹೋಗುತ್ತೇನೆ. ಪಿಳ್ಳಮ್ಮ ಈಗಿಲ್ಲ. ಈ ವರ್ಷ ಬಸ್ಸು ಕೆಟ್ಟು ನಿಂತು ನಾನು ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಬಾಗಿಲು ಹಾರು ಹೊಡೆದಿತ್ತು, ಹೊಸಿಲಲ್ಲಿ ಕೂತು ದಾರಿ ನೋಡುತ್ತಿದ್ದ ಮುನಿರತ್ನಮ್ಮ ಎದ್ದು ಬಂದು ನನ್ನ ಕೈಯ ಚೀಲ ತೆಗೆದುಕೊಂಡರು.

“ಯಾಕಕ್ಕ ಈ ಸಲ ಇಷ್ಟು ತಡ? ಊಟಕ್ಕೆ ಕಾಯ್ತಾ ಕೂತಿದೀನಿ,” ಎಂದರು.